ಹಿಂಬದಿಯ ಎಳೆಗಳು

೨೩ ಆಗಸ್ಟ್, ಶನಿವಾರ

ಮದುವೆಯಾಗಿ ಪುಣೆಗೆ ಬಂದು ಮೂರು ತಿಂಗಳು ಕಳೆದರೂ ಶಿವು ಆಫೀಸಿಗೆ ಹೊರಟಾಗ ನಾನು ಬಾಲ್ಕನಿಗೆ ಓಡುತ್ತೇನೆ. ಹಿಂಜವಾಡಿಯ ಕ್ಯಾಬ್ ಹತ್ತುವ ಮುಂಚೆ ಅವನು ಒಮ್ಮೆ ತಲೆಯೆತ್ತಿ ನೋಡಲೇಬೇಕು, ಇಲ್ಲದಿದ್ದರೆ ನನ್ನ ದಿನ ಹಾಳು! ಕ್ಯಾಬಿನಲ್ಲಿ ಇದ್ದವರೆಲ್ಲ ನಗುತ್ತಾರಂತೆ. ನಗಲಿ.

ಇವತ್ತು ರಜೆ, ಶಿವು ಮನೆಯಲ್ಲೇ ಇದ್ದ. ಆದರೂ ಮಧ್ಯಾಹ್ನದಿಂದ ಯಾರೂ ಸರಿಯಾಗಿ ಮಾತಾಡಲಿಲ್ಲ. ಕಾರಣ ತ್ರಿವೇಣಿಯ ಫೋನು.

ತ್ರಿವೇಣಿ ಶಿವುವಿನ ತಂಗಿ. ಬಾರಾಮತಿಗೆ ಕೊಟ್ಟಿದ್ದಾರೆ, ಗಂಡ ಚನ್ನವೀರ ಅಲ್ಲಿಯ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿದ್ದಾರೆ. ಅವಳು ಈಗ ಐದು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ಮಗಳು ಇಲ್ಲಿಗೇ ಬರುತ್ತಾಳೆಂದು ಮಾವ ಸಣ್ಣ ಕೋಣೆಗೆ ಬಣ್ಣ ಹೊಡೆಸಿ, ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ, ದಿನಾ ಬೆಳಗ್ಗೆ ತಾವೇ ನೆಲ ಒರೆಸುತ್ತಿದ್ದಾರೆ. ಅವಳು ಹೇಳಿದ್ದು ಇಷ್ಟೇ: "ನಾ ಬರೂದಿಲ್ಲಪ್ಪಾ. ಇಲ್ಲೇ ಛಲೋ ದವಾಖಾನಿ ಅದ. ಅವ್ವ ಇಲ್ಲದ ಮನಿಯಾಗ ಬಾಣಂತನ ಯಾರು ಮಾಡ್ತಾರ?"

ಸ್ಪೀಕರ್ ಹಾಕಿದ್ದರು. ನಾನು ಎದುರಿಗೇ ಕೊತ್ತಂಬರಿ ಸೋಸುತ್ತಾ ಕೂತಿದ್ದೆ. ಅತ್ತೆ ಭೀಮವ್ವ ತೀರಿಕೊಂಡು ಎರಡು ವರ್ಷವಾಯಿತು. ನಾನು ಅವರನ್ನು ನೋಡಿದ್ದು ಫೋಟೋದಲ್ಲಿ ಮಾತ್ರ. ಇರುವ ಒಬ್ಬ ಸೊಸೆಯನ್ನು ತ್ರಿವೇಣಿ ಲೆಕ್ಕಕ್ಕೇ ಹಿಡಿಯಲಿಲ್ಲವಲ್ಲ ಅಂತ ನನಗೆ ಚುರ್ ಎಂದಿತು. ಆದರೆ ಮಾವನ ಮುಖ ನೋಡಿದ ಮೇಲೆ ನನ್ನದು ಮರೆತುಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಅವರು ಕಪಾಟಿನಿಂದ ಅಂಗೈಯಗಲದ ಸ್ವೆಟರ್ ತಂದು ತೊಡೆಯ ಮೇಲಿಟ್ಟುಕೊಂಡು ಕೂತರು. ಕೆನೆ ಬಣ್ಣದ ಮೇಲೆ ಕೆಂಪು ಗೋಪುರಗಳು, ಧಾರವಾಡದ ಕಸೂತಿ ಸೀರೆಯಲ್ಲಿ ಇರುತ್ತವಲ್ಲ ಹಾಗೆ. "ನಿಮ್ಮತ್ತಿ ಹೆಣದಿದ್ದು. ತ್ರಿವೇಣಿ ಹುಟ್ಟಿದಾಗ."

ಎಷ್ಟು ಮುದ್ದಾಗಿತ್ತೆಂದರೆ ನಾನು ಯೋಚಿಸದೇ ಹೇಳಿಬಿಟ್ಟೆ: "ಮಾವ, ಸೇಮ್ ಇದೇ ಥರ ನಾನು ಹೆಣಿತೀನಿ! ಅದನ್ನ ನೋಡಿದ್ರೆ ತ್ರಿವೇಣಿ ಓಡಿ ಬರ್ತಾಳೆ ನೋಡ್ತಿರಿ!"

"ಬರ್ತದೇನವ್ವಾ ನಿನಗ?"

"ಸ್ಕೂಲಲ್ಲೇ ಕಲ್ತಿದೀನಿ!"

ಕಲಿತದ್ದು ಒಂದೇ ಬಣ್ಣದ ಮಫ್ಲರ್. ಅದನ್ನೂ ಮುಗಿಸಿದ್ದು ದೊಡ್ಡಮ್ಮ.

ಇಂಗ್ಲಿಷ್ ಮೀಡಿಯಮ್ಮಿನವಳು ಕನ್ನಡದಲ್ಲಿ ಡೈರಿ ಬರೆಯುತ್ತಿರುವುದು ಗೊತ್ತಾದರೆ ಅಮ್ಮ ನಂಬುವುದಿಲ್ಲ. ಇಲ್ಲಿ ಹೊರಗೆ ಕಾಲಿಟ್ಟರೆ ಮರಾಠಿ, ಒಳಗೆ ಇವರ ಖಡಕ್ ಕನ್ನಡ. ನನ್ನ ಕನ್ನಡದಲ್ಲಿ ನಾಲ್ಕು ಸಾಲು ಬರೆದರೆ ಮೈಸೂರಿನ ಸರಸ್ವತಿಪುರದ ನಮ್ಮನೆ ವರಾಂಡದಲ್ಲಿ ಕಾಲು ಚಾಚಿ ಕೂತ ಹಾಗಾಗುತ್ತದೆ.

೨೬ ಆಗಸ್ಟ್, ಗೌರಿ ಹಬ್ಬ

ಅಮ್ಮನ ಬಾಗಿನ ಕೊರಿಯರ್‌ನಲ್ಲಿ ಬಂತು. ಮೊರವನ್ನು ಕಟ್ಟಿದ ದಾರದ ಗಂಟು ನೋಡಿದರೆ ಸಾಕು, ಅಮ್ಮನದು ಅಂತ ಗೊತ್ತಾಗುತ್ತದೆ. ಬಿಚ್ಚಲಾಗದೆ ಕತ್ತರಿಸಿದೆ, ಆಮೇಲೆ ಯಾಕೆ ಕತ್ತರಿಸಿದೆನೋ ಅಂತ ಅಳು ಬಂತು.

ಸಂಜೆ ತುಳಶಿಬಾಗ್ ಪೇಟೆಗೆ ಹೋದೆವು. ನಾಳೆ ಗಣಪತಿ, ಕಾಲಿಡಲು ಜಾಗವಿಲ್ಲ! ಶಿವು ನನ್ನ ಕೈ ಬಿಡಲೇ ಇಲ್ಲ. ಉಣ್ಣೆಯ ಅಂಗಡಿಯವರು ಲಡಿ ಮೂಗಿನ ಹತ್ತಿರ ತಂದದ್ದೇ ತಡ, ನಾನು ಪುಣೆಯಲ್ಲಿ ಇರಲೇ ಇಲ್ಲ. ಆರನೇ ಕ್ಲಾಸಿನ ಕ್ರಾಫ್ಟ್ ಪೀರಿಯಡ್, ಶುಕ್ರವಾರ ಊಟವಾದ ಮೇಲೆ, ನೇವಿ ಬ್ಲೂ ಕಾರ್ಡಿಗನ್ನಿನ ತೋಳುಗಳಲ್ಲಿ ಟಿಫನ್ನಿನ ವಾಸನೆ. ಕಡ್ಡಿಗಳ ಟಕ್ ಟಕ್ ಸದ್ದಿಗೆ ಇಡೀ ಕ್ಲಾಸು ತೂಕಡಿಸುತ್ತಿತ್ತು. ಮಿಸ್ ಮಾತ್ರ ಬೆಂಚುಗಳ ಮಧ್ಯೆ ಓಡಾಡುತ್ತಾ ಉದುರಿದ ಕುಣಿಕೆಗಳನ್ನು ಹಿಡಿದು ಕೊಡುತ್ತಿದ್ದರು.

ಮನೆಗೆ ಬಂದು ಶಿವುವಿನ ಎರಡು ಕೈಗೂ ಲಡಿ ತೊಡಿಸಿ ಉಂಡೆ ಸುತ್ತಿದೆ. ನಮ್ಮನೆಯಲ್ಲಿ ತಾಯಮ್ಮ ದೊಡ್ಡಮ್ಮ ಉಂಡೆ ಸುತ್ತುವಾಗ ಲಡಿ ಹಿಡಿಯುವ ಕೈ ಯಾವಾಗಲೂ ನನ್ನದೇ. ಕೈ ಕೆಳಗಿಳಿಸಿದರೆ "ಎತ್ತೇ ಮೇಲೆ, ನಿದ್ದೆ ಮಾಡ್ತೀಯಾ?" ಅನ್ನುತ್ತಿದ್ದಳು. ಶಿವುಗೂ ಅದನ್ನೇ ಅಂದೆ. ಅವನು, "ಏ, ಅರೆಸ್ಟ್ ಮಾಡೀ ಏನ ನನ್ನ?" ಅಂದ. ಕೆಂಪು ಎಳೆ ಅವನ ಕೈಯಿಂದ ನನ್ನ ಕೈಗೆ ಬರುತ್ತಾ ಇತ್ತು, ಬರುತ್ತಾ ಇತ್ತು. ಮುಗಿಯುವುದೇ ಬೇಡ ಅನ್ನಿಸಿತು!

೪ ಸೆಪ್ಟೆಂಬರ್, ಗುರುವಾರ

ಎರಡು ಬಣ್ಣ ಅಂದರೆ ಎರಡು ಮಕ್ಕಳನ್ನು ಒಟ್ಟಿಗೆ ಜಾತ್ರೆಗೆ ಕರೆದುಕೊಂಡು ಹೋದ ಹಾಗೆ. ಒಂದು ಕೆಲಸ ಮಾಡುವಾಗ ಇನ್ನೊಂದು ಸುಮ್ಮನೆ ಹಿಂಬದಿಯಲ್ಲಿ ಬರಬೇಕು. ಕೆಂಪು ಹೆಣೆಯುವಷ್ಟು ಹೊತ್ತು ಕೆನೆ ಎಳೆ ಹಿಂದೆ ತೂಗಬೇಕು, ಕೆನೆ ಬಂದಾಗ ಕೆಂಪು ತೂಗಬೇಕು. ಹೇಳಲು ಸುಲಭ. ನಾಲ್ಕು ಸಾಲು ಹೆಣೆಯುವಷ್ಟರಲ್ಲಿ ಎರಡು ಉಂಡೆಗಳೂ ಜಡೆ ಹೆಣೆದುಕೊಂಡು ಕೂತಿರುತ್ತವೆ.

ಬೆಳಗ್ಗೆ ಶಿವು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಅವನ ಕುರ್ತಾದ ಎಡಜೇಬಿಗೆ ಕೆಂಪು, ಬಲಜೇಬಿಗೆ ಕೆನೆ ಹಾಕಿ, ಪಕ್ಕದಲ್ಲಿ ಕೂತು ಹೆಣೆದೆ. ಒಂದು ಸಿಕ್ಕೂ ಇಲ್ಲ! ಮೀಟಿಂಗಿನಲ್ಲಿ ಯಾರೋ ಏನೋ ಕೇಳಿದರು, ಇವನು ಆವೇಶದಿಂದ ಎದ್ದು ಅಡುಗೆಮನೆಯವರೆಗೆ ನಡೆದ. ಕಡ್ಡಿ ನನ್ನ ಕೈಯಿಂದ ಹಾರಿ ಅವನ ಹಿಂದೆ ಟಣಟಣ ಅಂತ ಹೊರಟಿತು. ನಾನು "ಅಯ್ಯೋ ಶಿವು, ಸ್ಟಾಪ್!" ಅಂತ ಕಿರುಚಿದ್ದು ಹದಿನಾಲ್ಕು ಜನಕ್ಕೆ ಕೇಳಿಸಿತಂತೆ.

ಈಗ ಕೆಂಪು ಸ್ಟೀಲ್ ಡಬ್ಬಿಯಲ್ಲಿ ಎಡಗಡೆ, ಕೆನೆ ಬೋಗುಣಿಯಲ್ಲಿ ಬಲಗಡೆ. ಹೆಣಿಗೆಯನ್ನು ಒಂದು ಸಾಲಿಗೆ ಹೀಗೆ ತಿರುಗಿಸಿದರೆ ಮುಂದಿನ ಸಾಲಿಗೆ ಹಾಗೆ ತಿರುಗಿಸಬೇಕು, ಅಷ್ಟೇ ಗುಟ್ಟು. ಮೊದಲು ತೋಳು ಮಾಡುತ್ತಿದ್ದೇನೆ.

೧೨ ಸೆಪ್ಟೆಂಬರ್, ಶುಕ್ರವಾರ

ತೋಳು ಮುಗಿಯಿತು!! ಮಣಿಕಟ್ಟಿನ ಸುತ್ತ ಸಾಲು ಗೋಪುರ!

ಅತ್ತೆಯ ಹಳೆಯ ಸ್ವೆಟರನ್ನು ಒಳಹೊರಗು ಮಾಡಿ ನೋಡಿದ್ದೆ. ಮುಂದೆ ಚಂದ, ಹಿಂದೆ ಎಳೆಗಳೆಲ್ಲ ಸಡಿಲ, ಬಳ್ಳಿಯ ಹಾಗೆ ಜೋತಾಡುತ್ತಿದ್ದವು. ಪಾಪ, ಅವಸರದಲ್ಲಿ ಹೆಣೆದಿರಬೇಕು ಅಂದುಕೊಂಡು ನಾನು ಪ್ರತಿ ಸಲವೂ ಎಳೆಯನ್ನು ಬಿಗಿಯಾಗಿ ಎಳೆದು ಕೂರಿಸಿದ್ದೇನೆ. ಯಾಕೆಂದರೆ ಮಾವ ಏನನ್ನು ಕೊಟ್ಟರೂ ಮೊದಲು ಹಿಂಬದಿ ನೋಡುತ್ತಾರೆ. ಲಕ್ಷ್ಮೀ ರೋಡಿನ ಬಟ್ಟೆ ಅಂಗಡಿಯಲ್ಲಿ ಅಷ್ಟು ವರ್ಷ ಕೂತವರು. ನಮ್ಮ ಮದುವೆ ಸೀರೆಗಳನ್ನೂ ಹಾಗೇ ತಿರುವಿ ನೋಡಿದ್ದರು. ಅಮ್ಮ ಮೈಸೂರಿನಲ್ಲಿ ಎಷ್ಟು ನಕ್ಕಿದ್ದಳು!

ಇವತ್ತೂ ತೋಳು ತಿರುವಿ, ಬೆರಳಾಡಿಸಿ, ಕನ್ನಡಕ ಮೇಲೇರಿಸಿ ಹೇಳಿದರು: "ಹಿಂದ ಭಾಳ ನೀಟ ಅದ, ಯವ್ವಾ. ನಿಮ್ಮತ್ತಿದೂ ಇಷ್ಟು ನೀಟ ಇರಲಿಲ್ಲ."

ಊಟದಲ್ಲಿ ಶಿವುಗೆ ಎರಡು ಹೋಳಿಗೆ ಜಾಸ್ತಿ ಬಡಿಸಿದೆ. ಸುಮ್ಮನೆ.

೨೦ ಸೆಪ್ಟೆಂಬರ್, ಶನಿವಾರ

ಬರೆಯಬೇಕೋ ಬೇಡವೋ.

ಎದುರು ಫ್ಲ್ಯಾಟಿನ ನೀತಾ, ಸ್ವಪ್ನಿಲ್ ಅವರ ಪಾಪು ಈಗಷ್ಟೇ ಮಗುಚಿಕೊಳ್ಳುತ್ತಿದೆ. ತೋಳಿನ ಅಳತೆ ನೋಡೋಣ ಅಂತ ಹೋದೆ. ಅದರ ಬೆಣ್ಣೆಯಂಥ ಕೈಯನ್ನು ತೋಳಿನೊಳಗೆ ತೂರಿಸಿದೆ. ಬಣ್ಣವಿಲ್ಲದ ಭಾಗದಲ್ಲಿ ಸರ್ರನೆ ಹೋಯಿತು, ಗೋಪುರದ ಪಟ್ಟಿ ಬಂದಲ್ಲಿ ನಿಂತಿತು. ಹಿಗ್ಗಿಸಿದೆ, ಹಿಗ್ಗಲಿಲ್ಲ. ಹಿಂದಿನ ಎಳೆಗಳು ತಂತಿಯ ಹಾಗೆ ಹಿಡಿದುಕೊಂಡಿದ್ದವು. ಪಾಪು ಮುಷ್ಟಿ ಬಿಗಿದು ಮುಖ ಕೆಂಪಗೆ ಮಾಡಿ ಕಿರುಚಲು ಶುರು ಮಾಡಿತು. ನೀತಾ, "ಅಗಂ ಬಾಯೀ, ಓಢೂ ನಕೋ!" (ಎಳೀಬೇಡ!) ಅಂತ ಓಡಿ ಬಂದಳು. ಸ್ವಪ್ನಿಲ್ ಕತ್ತರಿ ತಂದ. ನಾನು ಕತ್ತರಿ ಬೇಡ, ಬೇಡ ಅಂತ ಅಂಗಲಾಚಿದೆ. ಕೊನೆಗೆ ಎಣ್ಣೆ ಹಚ್ಚಿ ಕೈ ಬಿಡಿಸಿದೆವು.

ಪಾಪುವಿನ ಮಣಿಕಟ್ಟಿನಲ್ಲಿ ಕೆಂಪು ಗೆರೆ ಮೂಡಿತ್ತು.

೨೧ ಸೆಪ್ಟೆಂಬರ್

ಬಿಚ್ಚಿದೆ.

೨೮ ಸೆಪ್ಟೆಂಬರ್, ಭಾನುವಾರ

ಹೊರಗೆ ಗರ್ಬಾದ ಡ್ರಮ್ಮು. ಮೈಸೂರಿನಲ್ಲಿ ಈಗ ಬೀದಿಯೆಲ್ಲ ದೀಪ. ನಮ್ಮನೆಯಲ್ಲಿ ಬೊಂಬೆ ಕೂರಿಸಿ ಫೋಟೋ ಕಳಿಸಿದ್ದಾರೆ. ಬೊಂಬೆಗಳ ಪಾರ್ಕಿಗೆ ರಾಗಿ ಪೈರು ಬೆಳೆಸುವುದು, ಕನ್ನಡಿ ಇಟ್ಟು ಕೆರೆ ಮಾಡುವುದು ನನ್ನ ಕೆಲಸವಾಗಿತ್ತು. ಫೋಟೋದಲ್ಲಿ ಕೆರೆಯೇ ಇಲ್ಲ. ಅಮ್ಮನನ್ನು ಕೇಳಿದರೆ "ಯಾರು ಮಾಡ್ತಾರೆ ಹೇಳು?" ಅಂದಳು. ಫೋನಿಟ್ಟ ಮೇಲೆ ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಹಿಂದಿನ ಗೋಡೆಯಲ್ಲಿ ನನ್ನ ಎತ್ತರ ಗುರುತು ಮಾಡಿದ ಪೆನ್ಸಿಲ್ ಗೀಟುಗಳು ಕೂಡ ಕಾಣುತ್ತವೆ.

ಉಂಡೆಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದ್ದೇನೆ. ಮಾವ ಸಣ್ಣ ಕೋಣೆಯ ನೆಲ ಇವತ್ತೂ ಒರೆಸಿದರು.

೨ ಅಕ್ಟೋಬರ್, ವಿಜಯದಶಮಿ

ದಸರೆಯ ನಮಸ್ಕಾರ ಹೇಳಲು ತ್ರಿವೇಣಿ ವಿಡಿಯೋ ಕಾಲ್ ಮಾಡಿದಳು. ಮಾವ ಎರಡು ಮಾತಾಡಿ ಫೋನನ್ನು ನನ್ನ ಕೈಗೆ ಕೊಟ್ಟು ಹೊರಟೇಬಿಟ್ಟರು. ಅವಳೂ ನಾನೂ ಒಬ್ಬರ ಮುಖ ಒಬ್ಬರು ನೋಡುತ್ತಾ "ಆರಾಮಾ?" "ಆರಾಮ್ರಿ" ಅಂದ ಮೇಲೆ ಮಾತು ಮುಗಿಯಿತು. ಏನೂ ತೋಚದೆ ನಾನು ಎಲ್ಲ ಹೇಳಿಬಿಟ್ಟೆ: ಸ್ವೆಟರು, ಗೋಪುರ, ನೀತಾಳ ಪಾಪು, ಕತ್ತರಿ. ಬಿಚ್ಚುವ ಮುಂಚೆ ತೆಗೆದ ತೋಳಿನ ಫೋಟೋವನ್ನೂ ಕಳಿಸಿದೆ.

"ಇದೇನ್ರಿ ವೈನಿ, ಸ್ವೇಟರೋ ಬಳಿಯೋ?" ಅತ್ತಿಗೆಗೆ ಇವರು ವೈನಿ ಅನ್ನುತ್ತಾರೆ.

"ಹಿಂಬದಿ ನೀಟಾಗಿರ್ಲಿ ಅಂತ..."

"ಹಿಂದ ಯಾರು ನೋಡ್ತಾರ್ರಿ? ಅಪ್ಪ ನೋಡಿದ್ರೇನ? ಅಂವಗೇನ ತಿಳೀತದ, ಥಾನಿನ ಅರಿವಿ ನೋಡಿದಂವ!" ಅವಳು ನಕ್ಕಳು. ನಾನು ಅವಳ ನಗು ನೋಡಿದ್ದು ಇದೇ ಮೊದಲು. ಮಾವನ ಹಾಗೆಯೇ ಒಂದು ಕಡೆಯ ತುಟಿ ಮಾತ್ರ ಮೇಲೇಳುತ್ತದೆ. "ಎಳಿ ಅಷ್ಟು ಬಿಗೀಬಾರದು. ನಮ್ಮವ್ವ..." ಅಂತ ಶುರು ಮಾಡಿ ನಿಲ್ಲಿಸಿದಳು. "ಫೋನಿನ್ಯಾಗ ತಿಳಿಯೂದಿಲ್ರಿ. ಕೈ ಹಿಡದು ತೋರಿಸಬೇಕು."

"ಹಾಗಾದ್ರೆ ನಾನೇ ಬರ್ತೀನಿ!"

ಅವಳು ಬೇಡ ಅನ್ನಲಿಲ್ಲ.

೧೧ ಅಕ್ಟೋಬರ್, ಶನಿವಾರ

ಕೈ ನೋಯುತ್ತಿದೆ, ಕಣ್ಣು ಉರಿಯುತ್ತಿದೆ, ಆದರೂ ಎಲ್ಲವನ್ನೂ ಬರೆದೇ ಮಲಗುತ್ತೇನೆ.

ಬೆಳಗ್ಗೆ ಶಿವು ಕಾರು ತೆಗೆದ. ನನ್ನ ಹತ್ತಿರ ಇದ್ದದ್ದು ಉಣ್ಣೆಯ ಚೀಲ, ಅತ್ತೆಯ ಹಳೆಯ ಸ್ವೆಟರು, ಒಂದು ಡಬ್ಬಿ ಬಾಕರ್‌ವಡಿ. ದಾರಿಯುದ್ದಕ್ಕೂ ಕಬ್ಬು, ಕಬ್ಬು, ಮತ್ತೆ ಕಬ್ಬು!

ಬಾಗಿಲು ತೆರೆದವರು ತ್ರಿವೇಣಿಯ ಅತ್ತೆ ಶರಣಮ್ಮ. ನಮ್ಮನ್ನು ಕೂರಿಸಿ ನೀರು ಕೊಟ್ಟರು. ನನ್ನ ಮುಖ ನೋಡಿದರು, ನನ್ನ ಚೀಲ ನೋಡಿದರು, ಆಮೇಲೆ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಕೇಳಿದರು: "ಕರಿಯಾಕ ಬಂದೀರೇನ್ರಿ?"

ನಾನು "ಇಲ್ಲ, ಹೆಣಿಗೆ ಕಲಿಯೋಕೆ" ಅನ್ನಲು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ತ್ರಿವೇಣಿ ನಿಂತಿದ್ದಳು, ಹೊಟ್ಟೆಯ ಮೇಲೊಂದು ಕೈ, ಚೌಕಟ್ಟಿನ ಮೇಲೊಂದು ಕೈ. ಬರುವುದಿಲ್ಲ ಅಂತ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದವಳು ಈಗ ಉಸಿರು ಬಿಗಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕಾಲೇಜಿನ ಹಾಸ್ಟೆಲಿನಲ್ಲಿ ಭಾನುವಾರ ಬೆಳಗ್ಗೆ ವಿಸಿಟರ್ಸ್ ಹೆಸರು ಕೂಗುವಾಗ ನಾವೆಲ್ಲ ಹಾಗೇ ನಿಲ್ಲುತ್ತಿದ್ದೆವು.

"ಹೌದು," ಅಂದೆ. "ಕರ್ಕೊಂಡು ಹೋಗೋಕೇ ಬಂದಿದೀನಿ."

"ಬರ್ರಿ ಮತ್ತ! ಹಸರು ಸೀರಿ, ಕುಬಸ ಎಲ್ಲಿ ಅದ? ದೇವರ ಮುಂದ ಇಡೂಣ."

ಬಸುರಿ ಮಗಳನ್ನು ಕರೆಯಲು ತವರಿನ ಹೆಂಗಸು ಹಸಿರು ಸೀರೆ, ಕುಬಸದ (ರವಿಕೆಯ) ಬಟ್ಟೆ ಹಿಡಿದೇ ಬರಬೇಕಂತೆ! ನನಗೆ ಯಾರು ಹೇಳಬೇಕು? ನಾನು ಶಿವುವನ್ನು ನೋಡಿದೆ. ಅವನು ಕಣ್ಣು ಮಿಟುಕಿಸದೆ, "ಗಾಡ್ಯಾಗ ಅದರೀ ಅತ್ತಿ, ತರ್ತೀನಿ" ಅಂತ ಎದ್ದು ಹೋದ. ಕಾರು ಸ್ಟಾರ್ಟ್ ಆದ ಸದ್ದು ಎಲ್ಲರಿಗೂ ಕೇಳಿಸಿತು. ಶರಣಮ್ಮ, "ಗಾಡಿ ನೆರಳಿಗೆ ಹಚ್ಚಾಕ ಹೋದ್ನೇನ, ಬಿಸಲು ಭಾಳ ಅದ" ಅಂತ ತಾವೇ ಹೇಳಿ ಒಳಗೆ ಹೋದರು. ಎಂಥ ಹೆಂಗಸು! ಕಾಲಿಗೆ ಬೀಳಬೇಕು ಅನ್ನಿಸಿತು.

ತ್ರಿವೇಣಿ ನನ್ನನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು. ಹಳೆಯ ಸ್ವೆಟರನ್ನು ಕೈಗೆ ಕೊಟ್ಟೆ. ಅವಳು ಅದನ್ನು ಮೂಗಿಗೆ ಹಿಡಿದು ಸುಮ್ಮನೆ ಕೂತಳು. ನಾನೂ ಸುಮ್ಮನೆ ಕೂತೆ (ನಾನು!).

ಆಮೇಲೆ ಕಡ್ಡಿ ತೆಗೆದುಕೊಂಡಳು. "ನೋಡ್ರಿ. ಬಣ್ಣ ಬದಲ ಮಾಡೂ ಮೊದಲ ಬಲಗೈ ಕಡ್ಡಿ ಮ್ಯಾಲಿನ ಕುಣಿಕಿ ಹಿಂಗ ಅಗಲ ಮಾಡ್ರಿ. ಹಿಂದಿನ ಎಳಿ ಅಷ್ಟ ಅಗಲ ಆರಾಮ ಮಲಗ್ಲಿ. ನಡುವ ಒಮ್ಮಿ ಇನ್ನೊಂದು ಎಳಿಗೆ ಸಿಗಿಸ್ರಿ, ಇಲ್ಲಂದ್ರ ಕೂಸಿನ ಬೆರಳು ಸಿಗ್ತಾವ. ಬಿಗೀಬ್ಯಾಡ್ರಿ, ಪೂರ್ತಿ ಬಿಡಲೂಬ್ಯಾಡ್ರಿ." ನನ್ನ ಬೆರಳುಗಳ ಮೇಲೆ ತನ್ನ ಬೆರಳು ಇಟ್ಟು ಒಂದು ಸಾಲು ಮಾಡಿಸಿದಳು. ಗೋಪುರ ಉಸಿರಾಡುವ ಹಾಗೆ ಹಿಗ್ಗಿ ಕುಗ್ಗಿತು! ಅತ್ತೆಯದು ಅವಸರದ ಕೆಲಸ ಅಂತ ತಿಳಿದಿದ್ದೆನಲ್ಲ, ಎಂಥ ಪೆದ್ದಿ ನಾನು.

"ಕೊರಳು ಮಾತ್ರ ಈಗ ಮುಚ್ಚಬ್ಯಾಡ್ರಿ. ಕೂಸು ಹುಟ್ಟಿದ ಮ್ಯಾಲ ಮುಚ್ಚೂದು. ಅವ್ವ ಹಂಗ ಮಾಡ್ತಿದ್ಲು."

ನಾನು ಕೇಳಿದೆ, "ತ್ರಿವೇಣಿ, ಮಾವ ಅಷ್ಟು ಕರೆದ್ರೂ ಯಾಕೆ ಬರಲ್ಲ ಅಂದ್ರಿ?"

"ಯಾರು ಕರದ್ರು?" ಕಡ್ಡಿ ನಿಂತಿತು. "ಅಪ್ಪ ಫೋನ್‌ನ್ಯಾಗ 'ಯಾವಾಗ ಬರ್ತಿ?' ಅಂದ. ಅಣ್ಣ ವಾಟ್ಸಾಪ್ ಹಾಕಿದ. ಬಂದು ಯಾರು ಕರದ್ರು? ಅವ್ವ ಇದ್ರ ಮೂರನೇ ತಿಂಗಳಿಗೇ ಬಂದು ಹೇಳಿ ಹೋಗ್ತಿದ್ಲು. ನಮ್ಮ ಅತ್ತಿ ದಿನಾ ದಾರಿ ನೋಡವ್ರು. ಕಡೀಗೆ, ಅವರ ಮುಂದ ನನ್ನ ಮಾನ ಉಳೀಲಿ ಅಂತ ನಾನ ಬರೂದಿಲ್ಲ ಅಂದೆ."

ಇಬ್ಬರು ಗಂಡಸರು ಬಣ್ಣ ಹೊಡೆಸಿದರು, ಜಾಲರಿ ಹಾಕಿಸಿದರು, ಹೋಗಿ ಕರೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ನಾನು ಉಣ್ಣೆ ಹಿಡಿದುಕೊಂಡು ಬಂದೆ!

"ಈಗ ಕರೀತಾ ಇದೀನಿ," ಅಂದೆ. "ನಮ್ಮನೆಗೆ ಬನ್ನಿ. ಬಾಣಂತನ ನನಗೆ ಬರಲ್ಲ. ನೀವು ಬೈದು ಕಲಿಸಿ."

"ಬೈಯಾಕೇನು, ಛಲೋ ಬೈತೀನಿ," ಅಂದಳು. ಕಣ್ಣು ಒರೆಸಿಕೊಂಡು ಮಂಚದ ಕೆಳಗೆ ಕಾಲು ಚಾಚಿ ಒಂದು ಸೂಟ್‌ಕೇಸನ್ನು ಮುಂದಕ್ಕೆ ತಳ್ಳಿದಳು. ಅದರ ತುಂಬ ಬಟ್ಟೆ, ಆಗಲೇ ಮಡಚಿ ಇಟ್ಟಿತ್ತು.

ಶಿವು ಬೆವರುತ್ತಾ ಸೀರೆ ಹಿಡಿದು ಬಂದ. ತ್ರಿವೇಣಿ ಚೀಲವನ್ನು ತಿರುಗಿಸಿ ನೋಡಿ, "ಅಣ್ಣಾ, ಪುಣೇದಾಗ ತಗೊಂಡ ಸೀರಿಗೆ ನಮ್ಮ ಊರಿನ ಅಂಗಡಿ ಚೀಲ ಹಾಕ್ಯಾರಲ್ಲೋ! ಬ್ರಾಂಚ್ ತಗದಾರೇನ?" ಅಂದಳು. ಕಾರ್ಖಾನೆಯಿಂದ ಊಟಕ್ಕೆ ಬಂದಿದ್ದ ಚನ್ನವೀರ ನಗು ತಡೆಯಲಾಗದೆ ಅಂಗಳಕ್ಕೆ ಹೋದರು. ಶರಣಮ್ಮ ಏನೂ ಕೇಳಿಸದವರ ಹಾಗೆ ನನ್ನ ಕೈಯಿಂದಲೇ ಅವಳಿಗೆ ಸೀರೆ ಕೊಡಿಸಿ, ಉಡಿ ತುಂಬಿ, ಅವಳ ಕೈಯನ್ನು ನನ್ನ ಕೈಯಲ್ಲಿಟ್ಟು, "ನಿಮ್ಮ ಮಗಳು ರೀ ಇನ್ನ" ಅಂದರು.

ಪುಣೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಮಾವ ಗೇಟಿನಲ್ಲಿ ನಿಂತಿದ್ದರು. ಕಾರಿನಿಂದ ಮೊದಲು ನಾನು ಇಳಿದೆ, ಆಮೇಲೆ ತ್ರಿವೇಣಿ. ಅವರ ಬಾಯಿಂದ ಬಂದ ಮಾತು ಇಷ್ಟೇ: "ಊಟ ಆತೇನವ್ವಾ?"

೧೭ ಅಕ್ಟೋಬರ್, ಶುಕ್ರವಾರ

ಡೈರಿಗೆ ಪುರಸೊತ್ತೇ ಇಲ್ಲ. ತ್ರಿವೇಣಿಗೆ ನನ್ನ ಸಾರು ಸಿಹಿಯಂತೆ ("ಸಾರಿಗೆ ಬೆಲ್ಲ ಯಾರು ಹಾಕ್ತಾರ್ರಿ ವೈನಿ, ಪಾಯಸ ಮಾಡೀರೇನ?"). ನನಗೆ ಅವಳ ಚಟ್ನಿ ಖಾರ. ಮಾವ ಎರಡನ್ನೂ ಕಲಸಿ ಉಂಡು ಎರಡೂ ಛಲೋ ಅದ ಅನ್ನುತ್ತಾರೆ. ಮಧ್ಯಾಹ್ನ ಇಬ್ಬರೂ ಸಣ್ಣ ಕೋಣೆಯಲ್ಲಿ ಕೂರುತ್ತೇವೆ. ನಾನು ಕೆಂಪು ಎಳೆ ಎಳೆದರೆ ಅವಳು ಮೊಣಕೈಗೆ ಒಂದು ಕೊಡುತ್ತಾಳೆ. ಒಂದು ತೋಳು ಮುಗಿದಿದೆ. ನೀತಾಳ ಪಾಪುವಿಗೆ ಸಲೀಸಾಗಿ ಹೋಯಿತು! ಅದು ತೋಳು ತೆಗೆಯಲು ಬಿಡಲಿಲ್ಲ, ಚೀಪುತ್ತಾ ಕೂತಿತು.

ಇವತ್ತು ಅಮ್ಮ ಫೋನ್ ಮಾಡಿದ್ದಳು. ಮೊದಲ ದೀಪಾವಳಿ, ಅಳಿಯನಿಗೆ ರೇಷ್ಮೆ ಪಂಚೆ ತಂದಿದ್ದಾರೆ, ಎಣ್ಣೆಸ್ನಾನಕ್ಕೆ ಹಂಡೆ ತೊಳೆಸಿದ್ದಾರೆ, ದೊಡ್ಡಮ್ಮ ಕಜ್ಜಾಯಕ್ಕೆ ಅಕ್ಕಿ ನೆನೆಹಾಕುತ್ತಾಳಂತೆ. "ಯಾವ ಟ್ರೈನಿಗೆ ಬರ್ತೀರಾ? ಇನ್ನೂ ಹೇಳೇ ಇಲ್ಲವಲ್ಲೇ. ಹಬ್ಬಕ್ಕೆ ಮನೆಗೆ ಬರ್ತೀಯ ತಾನೇ?"

ಒಲೆಯ ಮೇಲೆ ಹಾಲಿತ್ತು. ತ್ರಿವೇಣಿಯ ಮಾತ್ರೆಯ ಹೊತ್ತು ಬೇರೆ. ಫೋನನ್ನು ಭುಜಕ್ಕೆ ಒತ್ತಿಕೊಂಡೇ ಹೇಳಿದೆ: "ಹೇಗಮ್ಮಾ ಬರ್ಲಿ? ಮಗಳು ತವರಿಗೆ ಬಂದಿದಾಳೆ. ಹಬ್ಬದ ದಿನ ನಾನೇ ಮನೆ ಬಿಟ್ಟು ಬಂದ್ರೆ ಅವಳಿಗೆ ಎಣ್ಣೆ ಹಚ್ಚೋರು ಯಾರು?"

ನೆಟ್‌ವರ್ಕ್ ಹೋಯಿತೇನೋ ಅಂತ ಹಲೋ, ಹಲೋ ಅಂದೆ.

"ಕೇಳಿಸ್ತು ಕಣೇ," ಅಂದಳು. "ಕೇಳಿಸ್ತು. ಎಣ್ಣೆ ಬೆಚ್ಚಗೆ ಮಾಡ್ಕೊಂಡು ಹಚ್ಚು."

ಆಮೇಲೆ ಅಮ್ಮ ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಮೈಸೂರಿನಲ್ಲಿ ಆಗಲೇ ಚಳಿ ಶುರುವಾಗಿದೆಯೋ ಏನೋ.